ಬರದ ತಿಂಗಳಿನ ಬೆಲೆಯಲ್ಲಿ ನೀರಿನ ಲೆಕ್ಕ

ಒಂದು ಲಕ್ಷ ಎಂಟು ಸಾವಿರ ರೂಪಾಯಿ. ಕಲಬುರಗಿ ಜಿಲ್ಲೆ ಅಫಜಲಪುರ ತಾಲ್ಲೂಕಿನ ಅತನೂರಿನ ನಮ್ಮ ಮನೆಯ ಹಿತ್ತಲಲ್ಲಿ ಮಳೆನೀರಿನ ಟಾಕಿ ಕಟ್ಟಿಸಲು 2022ರ ಬೇಸಿಗೆಯಲ್ಲಿ ನಾನು ತೆತ್ತದ್ದು ಇಷ್ಟು. ತೊಗರಿ ಮಾರಿ ಬಂದ ಹಣ ಅದು, ಒಂದು ರೂಪಾಯಿ ಸಾಲ ಇರಲಿಲ್ಲ. ಆದರೂ ಆ ಖರ್ಚನ್ನು ಮೆಚ್ಚಿದವರು ಕಡಿಮೆ. “ಇಷ್ಟು ರೊಕ್ಕ ನೆಲದಾಗ ಹೂಳೂದಕ್ಕಿಂತ ಒಂದು ಬೋರ್ ಹೊಡಸಬೇಕಿತ್ತಲ್ಲೋ ತಮ್ಮಾ” ಎಂದರು ಕಾಕಾ. ಅಕ್ಕನ ಮಗ ಲೆಕ್ಕದಲ್ಲಿ ಚುರುಕು. “ಮಾಮಾ, ಎಫ್‌ಡಿ ಇಟ್ಟಿದ್ರ ಬಡ್ಡಿಯಾಗೇ ಅರ್ಧಕ್ಕಿಂತ ಹೆಚ್ಚು ಕ್ಯಾನ್ ನೀರು ಬರ್ತಿತ್ತಲ್ರಿ” ಎಂದ. ಕಾಕಾನ ಮಾತಿಗೆ ಉತ್ತರ ಸುಲಭ. ಅಳಿಯನ ಮಾತಿಗೆ ಅಷ್ಟು ಸುಲಭವಲ್ಲ, ಅದಕ್ಕೆ ಈ ಅಂಕಣ.

ಮೊದಲು ಬಿಲ್ಲು. ಗುಂಡಿ ತೋಡಿಸಿ ಗರಸು ತುಂಬಿಸಲು 21,000. ಸಿಮೆಂಟು, ಕಬ್ಬಿಣ, ಕಲ್ಲಿಗೆ 46,000. ಗೌಂಡಿ, ಆಳುಗಳ ಕೂಲಿ 24,000. ಪೈಪು ಮತ್ತು ಸೋಸುವ ತೊಟ್ಟಿಗೆ 9,500. ಮುಚ್ಚಳ, ಕೈಪಂಪಿಗೆ 7,500. ಗರಸಿಗೇ ಅಷ್ಟು ಹಣ ಯಾಕೆ ಎಂದು ಕೆಂಪುಮಣ್ಣಿನ ಕಡೆಯವರು ಕೇಳಬಹುದು. ನಮ್ಮದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಆ ಮಣ್ಣಿಗೆ ಗೋಡೆಯನ್ನು ನೇರವಾಗಿ ತಾಗಿಸಿ ಕಟ್ಟಿದರೆ ಎರಡು ಮೂರು ವರ್ಷಗಳಲ್ಲಿ ಬಿರುಕು ಖಂಡಿತ. ಗುಂಡಿಯನ್ನು ಟಾಕಿಗಿಂತ ಅಗಲವಾಗಿ ತೋಡಿಸಿ, ತಳಕ್ಕೂ ಸುತ್ತಲೂ ಗರಸು ಬಡಿದರೆ ಎರೆಯ ಒತ್ತಡ ಗೋಡೆಗೆ ಬರುವುದಿಲ್ಲ. ಖರ್ಚು ಉಳಿಸಲು ಗೌಂಡಿ ಮೊದಲು ಕೈಬಿಡಲು ಹೇಳುವುದು ಇದನ್ನೇ. ಬಿಡಬೇಡಿ. ಮೇಲಿನ ಮುಚ್ಚಿಗೆಗೆ ಶಹಾಬಾದ್ ಫರಸಿ ಸಾಕು. ನಮ್ಮ ಜಿಲ್ಲೆಯ ಕಲ್ಲು, ಅಗ್ಗ, ಬಿಸಿಲಿಗೆ ಬಗ್ಗುವುದಿಲ್ಲ.

ಟಾಕಿ ಎಷ್ಟು ದೊಡ್ಡದಿರಬೇಕು ಎಂಬುದರಲ್ಲಿ ಹೆಚ್ಚಿನವರು ಮಾಳಿಗೆಯಿಂದ ಲೆಕ್ಕ ಶುರು ಮಾಡುತ್ತಾರೆ. ನಾನು ಬಾಯಿಯಿಂದ ಶುರು ಮಾಡಿದೆ. ಐದು ಜನರ ಮನೆ, ಕುಡಿಯಲು ಮತ್ತು ಅಡುಗೆಗೆ ತಲೆಗೆ ಎಂಟು ಲೀಟರ್, ದಿನಕ್ಕೆ 40. ಹಸ್ತ ಮಳೆ ಅಕ್ಟೋಬರ್ 10ರ ಹೊತ್ತಿಗೆ ಮುಗಿಯುತ್ತದೆ, ಮಿರಗ ಮಳೆ ಕೂಡುವುದು ಜೂನ್ 8ರ ಸುಮಾರಿಗೆ. ನಡುವೆ ಎಂಟು ತಿಂಗಳು, ಅಂದರೆ 240 ದಿನ. 9,600 ಲೀಟರ್ ಬೇಕು. ಮಿರಗ ಒಂದು ತಿಂಗಳು ಕೈಕೊಟ್ಟರೆ ಇನ್ನೂ 1,200. ತಳದ ಗಸಿ, ಎತ್ತಲಾಗದ ನೀರು ಸೇರಿಸಿ 12,000 ಎಂದು ನಿಲ್ಲಿಸಿದೆ. ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಎರಡು ಮೀಟರ್ ಆಳ.

ಈಗ ಮಾಳಿಗೆ. 30–40ರ ಮನೆ, 1,200 ಚದರಡಿ, ಅಂದರೆ 111 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಆವಿ, ಸೋರಿಕೆ, ಹೊರಗೆ ಬಿಡುವ ಮೊದಲ ನೀರು ಕಳೆದು ನೂರಕ್ಕೆ ಎಂಬತ್ತು ಹಿಡಿದರೂ ಮಿಲಿಮೀಟರಿಗೆ 89 ಲೀಟರ್ ಸಿಗುತ್ತದೆ. 12,000 ಲೀಟರ್ ತುಂಬಲು ಬೇಕಾದದ್ದು 135 ಮಿ.ಮೀ. ಮಳೆ. ಕಲಬುರಗಿ ಜಿಲ್ಲೆಯ ವಾಡಿಕೆ ಮಳೆ ಇದರ ಐದು ಪಟ್ಟಿಗೂ ಹೆಚ್ಚು. ಒಳ್ಳೆಯ ವರ್ಷ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ಇಷ್ಟು ಬೀಳುತ್ತದೆ. ನಮಗೆ ಕೊರತೆ ಇರುವುದು ಮಳೆಯದಲ್ಲ, ಹಿಡಿದಿಡುವ ಜಾಗದ್ದು. ಬೆಂಗಳೂರಿನ ವಿಜ್ಞಾನಿ ಎ.ಆರ್. ಶಿವಕುಮಾರ್ ತಮ್ಮ ಮನೆಯನ್ನು ದಶಕಗಳ ಕಾಲ ಮಳೆನೀರಿನಿಂದಲೇ ನಡೆಸಿ ತೋರಿಸಿದರು. ಅಲ್ಲಿ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಮಳೆ ಬಂದು ಹೋಗುತ್ತಿರುತ್ತದೆ, ಟಾಕಿ ಮತ್ತೆ ಮತ್ತೆ ತುಂಬುತ್ತದೆ. ಅಫಜಲಪುರದಲ್ಲಿ ಆ ಅನುಕೂಲವಿಲ್ಲ. ಒಮ್ಮೆ ತುಂಬಿದ್ದು ಎಂಟು ತಿಂಗಳು ಬರಬೇಕು. ಅಲ್ಲಿನ ಒಣದಿನಗಳ ಲೆಕ್ಕ ಹಿಡಿದು ಇಲ್ಲಿ ಟಾಕಿ ಕಟ್ಟಿದರೆ ಸಂಕ್ರಾಂತಿಗೇ ತಳ ಕಾಣುತ್ತದೆ.

ಇನ್ನು ಅಳಿಯನ ಪ್ರಶ್ನೆ. ನಮ್ಮ ಓಣಿಗೆ ಬರುವ 20 ಲೀಟರಿನ ಕ್ಯಾನಿಗೆ 15 ರೂಪಾಯಿ. ದಿನಕ್ಕೆ ಎರಡು ಕ್ಯಾನ್, ವರ್ಷಕ್ಕೆ 10,950. ಒಂದು ಲಕ್ಷ ಎಂಟು ಸಾವಿರವನ್ನು ಇದರಿಂದ ಭಾಗಿಸಿ “ಹತ್ತು ವರ್ಷದಲ್ಲಿ ಟಾಕಿಯ ದುಡ್ಡು ವಾಪಸ್” ಎನ್ನುವವರಿದ್ದಾರೆ. ಅವರು ಬಡ್ಡಿಯನ್ನು ಮರೆತಿದ್ದಾರೆ. ಶೇ 6ರಂತೆ ಆ ಹಣ ಬ್ಯಾಂಕಿನಲ್ಲಿ ವರ್ಷಕ್ಕೆ 6,480 ದುಡಿಯುತ್ತಿತ್ತು. ಟಾಕಿ ತೊಳೆಯಲು, ಮರಳು ಬದಲಿಸಲು, ಪಂಪಿನ ವಾಷರಿಗೆ 1,000 ಇಡೋಣ. ಎರಡನ್ನೂ ಕಳೆದರೆ ಟಾಕಿಯಿಂದ ಉಳಿಯುವುದು ವರ್ಷಕ್ಕೆ 3,470. ಈ ಲೆಕ್ಕದಲ್ಲಿ ಅಸಲು ಹುಟ್ಟಲು 31 ವರ್ಷ ಬೇಕು. ಸರಾಸರಿ ವರ್ಷದ ಲೆಕ್ಕ ಹಾಕಿದರೆ ಅಳಿಯ ಗೆದ್ದ.

ಆದರೆ ಸರಾಸರಿ ವರ್ಷ ಎಂಬುದು ನಮ್ಮ ಕಡೆ ಯಾವತ್ತು ಬಂದಿದೆ? 2020ರ ಅಕ್ಟೋಬರ್‌ನಲ್ಲಿ ಉಜನಿ ಜಲಾಶಯದಿಂದ ಬಿಟ್ಟ ನೀರಿಗೆ ಭೀಮಾ ಉಕ್ಕಿ ದಂಡೆಯ ಊರುಗಳು ಮುಳುಗಿದವು. 2022ರಲ್ಲಿ ನಿಂತ ತೊಗರಿಗೆ ನೆಟೆ ರೋಗ ಬಡಿಯಿತು. 2023ರಲ್ಲಿ ಮಳೆ ಹೋಯಿತು, ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. 2024ರ ಮಾರ್ಚ್‌ನಲ್ಲಿ ಅದೇ ಭೀಮಾ ಬತ್ತಿ, ಉಜನಿ ನೀರು ಬಿಡಿಸಿ ಎಂದು ಅಫಜಲಪುರದಲ್ಲಿ ಉಪವಾಸ ಕೂರಬೇಕಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಹೊಳೆ ಬಂತು. ಹೊಳೆ ಬಂದಾಗಲೂ ಬತ್ತಿದಾಗಲೂ ಮೊದಲು ನಿಲ್ಲುವುದು ಕುಡಿಯುವ ನೀರೇ.

ಆದ್ದರಿಂದ ಲೆಕ್ಕವನ್ನು ಕೆಟ್ಟ ತಿಂಗಳಿನ ಬೆಲೆಯಲ್ಲಿ ಹಾಕಬೇಕು. 2024ರ ಬೇಸಿಗೆಯ ನೂರು ದಿನ ತೆಗೆದುಕೊಳ್ಳಿ. ಕ್ಯಾನ್ 25ಕ್ಕೆ ಏರಿತ್ತು. ದಿನಕ್ಕೆರಡರಂತೆ 5,000. ಕ್ಯಾನ್ ಹೊತ್ತಿಗೆ ಬಾರದ ದಿನ ಒಬ್ಬರು ಕೆಲಸ ಬಿಟ್ಟು ಕಾಯುತ್ತ ನಿಲ್ಲಬೇಕು. ಆ ವರ್ಷ ನರೇಗಾ ಕೂಲಿ 349 ರೂಪಾಯಿ. ದಿನ ಬಿಟ್ಟು ದಿನ ಅರ್ಧ ಕೂಲಿ ಹೋದರೂ ನೂರು ದಿನಕ್ಕೆ 8,700 ಆಯಿತು. ಎರಡೂ ಸೇರಿ 13,700. ಒಳ್ಳೆಯ ವರ್ಷದ ಹನ್ನೆರಡು ತಿಂಗಳ ಖರ್ಚಿಗಿಂತ ಮೂರೂಕಾಲು ತಿಂಗಳ ಖರ್ಚೇ ಹೆಚ್ಚು. ಮುಖ್ಯ ಸಂಗತಿ ಇನ್ನೂ ಮುಂದಿದೆ. ಆ ನೂರು ದಿನ ಬರುವುದು ಬೆಳೆ ಕೈಕೊಟ್ಟ ವರ್ಷದಲ್ಲೇ. ನೀರಿಗೆ ಬೆಲೆ ಏರುವ ಹೊತ್ತಿಗೆ ಮನೆಯಲ್ಲಿ ಮಾರಲು ಕಾಳಿರುವುದಿಲ್ಲ. ಬ್ಯಾಂಕಿನ ಶೇ 6 ಅಲ್ಲಿ ಕೆಲಸಕ್ಕೆ ಬಾರದು, ನಡೆಯುವುದು ತಿಂಗಳಿಗೆ ನೂರಕ್ಕೆ ಮೂರರ ಕೈಸಾಲ. 13,700ನ್ನು ಹತ್ತು ತಿಂಗಳಿಗೆ ಹಾಗೆ ತಂದರೆ ತೀರಿಸುವುದು 17,810. ಒಳ್ಳೆಯ ವರ್ಷದ ಉಳಿತಾಯದ ರೂಪಾಯಿಗೂ ಬರದ ವರ್ಷದಲ್ಲಿ ಸಾಲ ತಪ್ಪಿಸಿದ ರೂಪಾಯಿಗೂ ಒಂದೇ ತೂಕವಲ್ಲ, ಅಳಿಯಾ. ನಿನ್ನ ಲೆಕ್ಕದಲ್ಲಿ ಬಿಟ್ಟುಹೋದದ್ದು ಇದು.

ನಮ್ಮ ಹಿರಿಯರು ನೆಲದೊಳಗೆ ಹಗೇವು ತೆಗೆದು ಜೋಳ ತುಂಬಿದ್ದೂ ಈ ಕಾರಣಕ್ಕೇ. ಸುಗ್ಗಿಯಲ್ಲಿ ಎಲ್ಲ ಜೋಳ ಮಾರಿ ಬಡ್ಡಿಗೆ ಬಿಟ್ಟಿದ್ದರೆ ಕಾಗದದ ಮೇಲೆ ಲಾಭ ಕಾಣುತ್ತಿತ್ತು. 1972ರ ಬರ ಕಂಡವರಿಗೆ ಆ ಲಾಭದ ಬೆಲೆ ಗೊತ್ತು. ರೊಕ್ಕ ಇದ್ದವರಿಗೂ ಬಿಳಿಜೋಳ ಸಿಗದೆ, ಪರದೇಶದ ಕೆಂಪುಜೋಳದ ರೊಟ್ಟಿ ತಿಂದ ವರ್ಷ ಅದು. ಈಗ ಹಗೇವು ಇರುವ ಮನೆ ಅಪರೂಪ. ನಾವು ಬೇವಿನ ಸೊಪ್ಪು ಹಾಕಿ ತಗಡಿನ ಡಬ್ಬಿಗಳಲ್ಲಿ ಒಂದು ವರ್ಷದ ಜೋಳ, ಆರು ತಿಂಗಳ ಬೇಳೆ ಇಡುತ್ತೇವೆ. ಅದರ ಲೆಕ್ಕ ಇನ್ನೊಮ್ಮೆ.

ನೀರಿನ ಮಾತಿಗೆ ಮರಳಿದರೆ, ನನಗೆ ತಾಳ್ಮೆ ಕೆಡುವುದು ಮನೆಬಾಗಿಲಿಗೆ ಬರುವ ಆರ್‌ಒ ಯಂತ್ರದ ಮಾರಾಟ ಕಂಡಾಗ. ಎರಡು ಲೋಟ ಇಟ್ಟು, ಒಂದರಲ್ಲಿ ನಿಮ್ಮ ನೀರು, ಇನ್ನೊಂದರಲ್ಲಿ ಯಂತ್ರದ ನೀರು. ಕರೆಂಟಿನ ಕಡ್ಡಿ ಇಳಿಸುತ್ತಾರೆ. ನಿಮ್ಮ ಲೋಟದ ನೀರು ಕಂದಾಗುತ್ತದೆ, ಹೆಣ್ಣುಮಕ್ಕಳು ಮಕ್ಕಳ ಮುಖ ನೋಡಿ ಹೌಹಾರುತ್ತಾರೆ. ಆ ಕಂದು ನೀರಿನೊಳಗಿನ ಹೊಲಸಲ್ಲ. ಲವಣ ಇರುವ ನೀರಿನಲ್ಲಿ ಕರೆಂಟು ಹರಿಯುತ್ತದೆ, ಕಡ್ಡಿಯ ಕಬ್ಬಿಣ ಕರಗಿ ಬಣ್ಣ ಬಿಡುತ್ತದೆ. ಯಂತ್ರದ ನೀರಿನಲ್ಲಿ ಲವಣ ತೀರ ಕಡಿಮೆಯಾದ್ದರಿಂದ ಕರೆಂಟು ಹೆಚ್ಚು ಹರಿಯದು, ಬಣ್ಣವೂ ಇಲ್ಲ. ಇದನ್ನು ಪರೀಕ್ಷೆ ಎಂದು ತೋರಿಸುವುದು ಮೋಸ. ಆಮೇಲೆ ವಾರದ ಕಂತು. 17,000ದ ಯಂತ್ರಕ್ಕೆ ವಾರಕ್ಕೆ 400ರಂತೆ 52 ವಾರ ಕಟ್ಟಿದರೆ 20,800. ವರ್ಷಕ್ಕೊಮ್ಮೆ ಫಿಲ್ಟರು, ಮೆಂಬ್ರೇನ್ ಎಂದು ಇನ್ನೊಂದು 4,000. ಕರೆಂಟು ಇಲ್ಲದಾಗ ಓಡದು, ನಳ ಬಾರದಾಗ ಓಡದು. ಓಡಿದಾಗಲೂ ಒಂದು ಕೊಡ ಕೊಟ್ಟು ಎರಡು ಮೂರು ಕೊಡ ಮೋರಿಗೆ ಬಿಡುತ್ತದೆ. ಬೇಸಿಗೆಯಲ್ಲಿ ಕೊಡಕ್ಕೆ ಜಗಳವಾಗುವ ಊರಿಗೆ ಇಂಥ ಯಂತ್ರವೇ? ವಾರದ ಕಂತಿನ ಸಾಲ ಹಳ್ಳಿಗಳನ್ನು ಎಷ್ಟು ಹಿಂಡಿತೆಂದರೆ, ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತಂದಿತು. ಬೋರಿನ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ, ಬೇರೆ ನೀರೂ ಇಲ್ಲದಿದ್ದರೆ ಆರ್‌ಒಗೆ ಅರ್ಥವಿದೆ, ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆದರೆ ಊರಿನ ಶುದ್ಧ ನೀರಿನ ಘಟಕ ಅದನ್ನೇ ಕಡಿಮೆ ದುಡ್ಡಿಗೆ ಕೊಡುತ್ತದೆ. ಟಿಡಿಎಸ್, ಅಂದರೆ ಕರಗಿದ ಲವಣಾಂಶ, ಲೀಟರಿಗೆ 500 ಮಿಲಿಗ್ರಾಂ ಒಳಗಿರುವ ನೀರಿಗೆ ಆರ್‌ಒ ಬೇಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿದೆ. ಮಳೆನೀರಿನ ಟಿಡಿಎಸ್ ಅದರ ಹತ್ತಿರಕ್ಕೂ ಬರುವುದಿಲ್ಲ.

ಕಾಕಾ ಹೇಳಿದ ಬೋರಿಗೆ ಮೋಟರು, ಕೇಬಲ್ಲು ಸೇರಿ ಒಂದೂವರೆ ಲಕ್ಷ ದಾಟುತ್ತದೆ, ನೀರು ಬೀಳುವ ಖಾತ್ರಿ ಯಾರೂ ಕೊಡುವುದಿಲ್ಲ. ಹೊಲಕ್ಕಾದರೆ ಆ ಮಾತು ಬೇರೆ.

ಟಾಕಿ ಕಟ್ಟಿದ ಮೇಲೆ ಅದನ್ನು ಕಾಯುವುದು ಮನೆಯವರ ಅಭ್ಯಾಸ. ಸರ್ಕಾರ ‘ಸುವರ್ಣ ಜಲ’ ಎಂದು ಶಾಲೆಗಳಿಗೆ ಮಳೆನೀರಿನ ಟಾಕಿ ಕಟ್ಟಿಸಿತ್ತು. ಎಷ್ಟೋ ಕಡೆ ಪೈಪು ಮುರಿದು, ಟಾಕಿ ಒಣಗಿ ನಿಂತಿವೆ. ನಿತ್ಯ ನೋಡುವವರು ಇರಲಿಲ್ಲ. ಮಿರಗಕ್ಕೆ ಮೊದಲು ಮಾಳಿಗೆ ಗುಡಿಸಿ ತೊಳೆಯಿರಿ. ಮಾಳಿಗೆಯ ಮೇಲೆ ಮೆಣಸಿನಕಾಯಿ, ಕಾಳು ಒಣಹಾಕುವವರು ಮಳೆಗಾಲದಲ್ಲಿ ಅಂಗಳಕ್ಕೆ ಇಳಿಸಿ. ಮೊದಲ ಮಳೆಗಳ ನೀರನ್ನು ಹಿತ್ತಲಿನ ನುಗ್ಗೆ, ಕರಿಬೇವಿಗೆ ಬಿಡಿ. ಟಾಕಿ ತುಂಬಲು ಉತ್ತರಿ, ಹಸ್ತ ಮಳೆಗಳೇ ಒಳ್ಳೆಯವು, ಅಷ್ಟೊತ್ತಿಗೆ ಧೂಳು ಅಡಗಿರುತ್ತದೆ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ, ನಮ್ಮ ಟಾಕಿಗೆ 30 ಗ್ರಾಂ. ಬೆಳಕು ಹೋಗಬಾರದು, ಸೊಳ್ಳೆ ಹೋಗಬಾರದು. ಮೋಟರು ಕೂಡಿಸಬೇಡಿ. ನಳ ತಿರುಗಿಸಿದರೆ ಬರುವ ನೀರನ್ನು ಯಾರೂ ಅಳೆಯುವುದಿಲ್ಲ, ಕೈಪಂಪು ಹೊಡೆದವರು ಅಳೆಯುತ್ತಾರೆ. ತಿಂಗಳಿಗೊಮ್ಮೆ ಕೋಲು ಇಳಿಸಿ ನೋಡಿ ಗೋಡೆಯ ಮೇಲೆ ಬರೆಯಿರಿ. ನಮ್ಮ ಮನೆಯಲ್ಲಿ ಆ ಕೆಲಸ ಅವ್ವನದು, ಅವಳ ಮಾತಿಲ್ಲದೆ ಯಾರೂ ಆ ನೀರಿನಲ್ಲಿ ಪಾತ್ರೆ ತೊಳೆಯುವುದಿಲ್ಲ.

ಲಕ್ಷ ರೂಪಾಯಿ ಇಲ್ಲದವರು ಸಾಲ ಮಾಡಿ ಇದನ್ನು ಕಟ್ಟಬೇಡಿ. ಸಾಲದಿಂದ ಉಳಿಯಲೆಂದು ಮಾಡುವ ಕೆಲಸವನ್ನು ಸಾಲದಿಂದ ಶುರು ಮಾಡಬಾರದು. ಎರಡು ಸಾವಿರ ಲೀಟರಿನ ಬೆಳಕು ತೂರದ ಪ್ಲಾಸ್ಟಿಕ್ ಟಾಕಿ, ಒಂದು ಪೈಪು, ಒಂದು ಬಟ್ಟೆಯ ಸೋಸಣಿಗೆ 20,000ದೊಳಗೆ ಆಗುತ್ತದೆ. ನೆರಳಿರುವ ಗೋಡೆಯ ಪಕ್ಕ ಇಡಿ. ಹಸ್ತ ಮಳೆಗೆ ತುಂಬಿಸಿ, ನಳ ಬಿಗಿದು, ಶಿವರಾತ್ರಿಯವರೆಗೆ ಮುಟ್ಟಬೇಡಿ. ಅಲ್ಲಿಂದ ಮಿರಗದವರೆಗಿನ ನೂರು ದಿನಕ್ಕೆ ದಿನಕ್ಕೆ 20 ಲೀಟರ್, ಒಂದು ಕ್ಯಾನ್. ಐದು ಜನ ಕುಡಿಯಲು ಅದು ಸಾಕು, ಅಡುಗೆಗೆ ನಳದ ನೀರು ಬಳಸಿಕೊಳ್ಳಿ.