ವಿದ್ಯುನ್ಮಾನ ಹವ್ಯಾಸಿಗಳಿಗೆ ಕಾಶಿಯ ಮರದ ಭರಣಿ

ವಿದ್ಯುನ್ಮಾನ ವಿಜ್ಞಾನದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳೂ ಹವ್ಯಾಸಿಗಳೂ ಗಡಿಯಾರ, ಉಷ್ಣಾಂಶ ಸೂಚಕ, ಚಿಕ್ಕ ರೇಡಿಯೋ ಮೊದಲಾದ ಉಪಕರಣಗಳನ್ನು ಮನೆಯಲ್ಲಿಯೇ ರಚಿಸುತ್ತಾರೆ. ಉಪಕರಣವು ಕೆಲಸ ಮಾಡತೊಡಗಿದೊಡನೆ ಅನೇಕರ ಉತ್ಸಾಹ ತಣಿಯುತ್ತದೆ. ಹೊದಿಕೆಯಿಲ್ಲದ ಬೋರ್ಡು ಮೇಜಿನ ಮೇಲೆಯೇ ಉಳಿದು, ಧೂಳು ತುಂಬಿ, ತಂತಿ ಕಿತ್ತು, ಕಡೆಗೆ ಮನೆಯವರ ಕಣ್ಣಿಗೆ ಕಸವಾಗುತ್ತದೆ. ವಾರಗಟ್ಟಲೆಯ ಶ್ರಮ ಹೀಗೆ ವ್ಯರ್ಥವಾಗದಿರಬೇಕಾದರೆ ಉಪಕರಣಕ್ಕೆ ತಕ್ಕ ಹೊರಕವಚ ಬೇಕು. ಅದು ನೋಡಲು ಅಂದವಾಗಿಯೂ, ಬಳಸುವವರಿಗೆ ಸುರಕ್ಷಿತವಾಗಿಯೂ ಇರಬೇಕು. ಇಂತಹ ಕವಚವನ್ನು ನಮ್ಮ ನಾಡಿನ ಕುಶಲಕರ್ಮಿಗಳಿಂದಲೇ ಪಡೆಯುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಕಾಶಿಯ ಕಡೆತದ ಕಲೆ

ಕಾಶಿಯಾತ್ರೆಗೆ ಹೋಗುವ ಕನ್ನಡಿಗರಿಗೆ ವಾರಾಣಸಿಯ ಘಾಟುಗಳೂ ಜಂಗಮವಾಡಿ ಮಠವೂ ಸುಪರಿಚಿತ. ಅದೇ ನಗರದ ಖೋಜವಾಂ ಮತ್ತು ಕಾಶ್ಮೀರಿಗಂಜ್ ಬಡಾವಣೆಗಳಲ್ಲಿ ಮರವನ್ನು ಲೇತಿನಲ್ಲಿ ಕಡೆದು ಅರಗಿನ ಬಣ್ಣ ಕೊಡುವ ಕುಟುಂಬಗಳಿವೆ. ಆಟಿಕೆಗಳು, ದೇವರ ಮೂರ್ತಿಗಳು ಹಾಗೂ ಮದುವೆಯಲ್ಲಿ ಬಳಸುವ ಸಿಂಧೋರಾ ಎಂಬ ಮುಚ್ಚಳದ ಕುಂಕುಮ ಭರಣಿ ಇವರ ಕೈಯಿಂದ ಬರುವ ವಸ್ತುಗಳು. ವಾರಾಣಸಿಯ ಈ ಅರಗಿನ ಮರಗೆಲಸವೂ, ನಮ್ಮ ಚನ್ನಪಟ್ಟಣದ ಬೊಂಬೆಗಳೂ ಭೌಗೋಳಿಕ ಸೂಚಕ ನೋಂದಣಿಯನ್ನು ಪಡೆದಿವೆ.

ಎರಡೂ ಊರುಗಳ ವಿಧಾನದ ತತ್ತ್ವ ಒಂದೇ. ವೇಗವಾಗಿ ತಿರುಗುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ, ತಿಕ್ಕಾಟದ ಬಿಸಿಯಿಂದ ಅರಗು ಕರಗಿ ತೆಳುವಾದ ಪದರವಾಗಿ ಹರಡುತ್ತದೆ. ಚನ್ನಪಟ್ಟಣದಲ್ಲಿ ಕೇದಗೆಯ ಗರಿಯಿಂದ ಉಜ್ಜಿ ಇದಕ್ಕೆ ಹೊಳಪು ಕೊಡುವ ವಾಡಿಕೆಯಿದೆ. ಭರಣಿಯ ಒಳಗೆ ಟೊಳ್ಳು, ಮೇಲೆ ಬಿಗಿಯಾಗಿ ಕೂರುವ ಮುಚ್ಚಳ, ಹೊರಗೆ ಬಣ್ಣದ ಹೊಳಪು: ಹವ್ಯಾಸಿಗೆ ಬೇಕಾದ ಪೆಟ್ಟಿಗೆಯ ಲಕ್ಷಣಗಳು ಇಲ್ಲಿ ಆಗಲೇ ಇವೆ. ಮೇಲಾಗಿ, ಲೋಹದ ಪೆಟ್ಟಿಗೆ ರೇಡಿಯೋ ಅಲೆಗಳನ್ನು ತಡೆಯುತ್ತದೆ. ಒಣಮರ ಅವುಗಳನ್ನು ಹಾಯಗೊಡುತ್ತದೆ. ಆದುದರಿಂದ ವೈಫೈ ಅಥವಾ ಬ್ಲೂಟೂತ್ ಇರುವ ಉಪಕರಣಕ್ಕೆ ಮರವು ಹೆಚ್ಚು ಹೊಂದುತ್ತದೆ.

ಅಳತೆ ತೆಗೆಯುವ ಕ್ರಮ

ಬೋರ್ಡು ಚೌಕಾಕಾರ, ಭರಣಿ ದುಂಡು. ಆದುದರಿಂದ ಬೋರ್ಡಿನ ಉದ್ದವನ್ನಲ್ಲದೆ, ಮೂಲೆಯಿಂದ ಮೂಲೆಗೆ ಇರುವ ಕರ್ಣವನ್ನು ಅಳೆಯಬೇಕು. ಉದಾಹರಣೆಗೆ, 50 ಮಿಲಿಮೀಟರ್ ಉದ್ದ, 25 ಮಿಲಿಮೀಟರ್ ಅಗಲದ ಬೋರ್ಡಿನ ಕರ್ಣ ಸುಮಾರು 56 ಮಿಲಿಮೀಟರ್. ಸುತ್ತಲೂ 3 ಮಿಲಿಮೀಟರ್ ತೆರವು ಬಿಟ್ಟರೆ ಒಳವ್ಯಾಸ 62 ಮಿಲಿಮೀಟರ್ ಆಗುತ್ತದೆ. ಗೋಡೆ 6 ಮಿಲಿಮೀಟರ್ ದಪ್ಪವಿದ್ದರೆ ಹೊರವ್ಯಾಸ 74 ಮಿಲಿಮೀಟರ್. ಎತ್ತರವನ್ನು ನಿರ್ಧರಿಸುವಾಗ ಬೋರ್ಡಿನ ಮೇಲೆ ಚುಚ್ಚಿದ ತಂತಿಗಳು ಬಾಗಲು ಬೇಕಾದ ಸ್ಥಳವನ್ನೂ ಸೇರಿಸಬೇಕು.

ಈ ತೆರವನ್ನು ಉಳಿತಾಯ ಮಾಡಲು ಯತ್ನಿಸಬಾರದು. ಮರವು ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಬೆಳವಣಿಗೆಯ ಉಂಗುರಗಳ ಗುಂಟ ಆಗುವ ಬದಲಾವಣೆಯು ಅವುಗಳಿಗೆ ಅಡ್ಡಲಾಗಿ ಆಗುವುದಕ್ಕಿಂತ ಹೆಚ್ಚಾಗಿರುವುದರಿಂದ ದುಂಡಾದ ಭರಣಿ ಕಾಲಕ್ರಮದಲ್ಲಿ ತುಸು ಅಂಡಾಕಾರ ತಾಳುವುದುಂಟು. ಚೆನ್ನಾಗಿ ಒಣಗಿದ ಮರವನ್ನೇ ಕೇಳಿ ಪಡೆಯುವುದು ಲೇಸು.

ಕಸುಬುದಾರರ ಬಳಿಗೆ ಹೋಗುವಾಗ ಅಳತೆ ಬರೆದ ಚಿತ್ರದೊಂದಿಗೆ ರಟ್ಟಿನಲ್ಲಿ ಕತ್ತರಿಸಿದ ಬೋರ್ಡಿನ ಮಾದರಿಯನ್ನೂ ಒಯ್ಯಬೇಕು. ಭಾಷೆ ಬಾರದ ಊರಿನಲ್ಲಿ ಈ ರಟ್ಟಿನ ಮಾದರಿಯೇ ಮಾತನಾಡುತ್ತದೆ.

ರಂಧ್ರಗಳು ಮತ್ತು ಜೋಡಣೆ

ಅರಗು ಹಚ್ಚಿದ ಮೇಲೆ ರಂಧ್ರ ಕೊರೆದರೆ ಅಂಚಿನಲ್ಲಿ ಬಣ್ಣ ಚಕ್ಕೆಯೇಳುವ ಸಂಭವವಿದೆ. ತಳಕ್ಕೆ ಅರಗು ಹಚ್ಚಿಸದೆ, ತಂತಿಯ ದಾರಿಯನ್ನೂ ಗಾಳಿಯ ರಂಧ್ರಗಳನ್ನೂ ಅಲ್ಲಿ ಇಡುವುದು ಸುಲಭೋಪಾಯ. ತಳದಡಿ ಮೂರು ಚಿಕ್ಕ ಕಾಲುಗಳಿದ್ದರೆ ಗಾಳಿ ಒಳಬರುತ್ತದೆ. ಬಿಸಿಗಾಳಿ ಮೇಲೇರುವುದರಿಂದ ಮುಚ್ಚಳದ ಅಂಚಿನ ಕೆಳಗೂ ಕೆಲವು ರಂಧ್ರಗಳು ಬೇಕು. ಇವನ್ನು ಅರಗು ಹಚ್ಚುವ ಮೊದಲೇ ಕೊರೆಸಬೇಕು. ಚಾರ್ಜರಿನ ಪಿನ್ ಹೊರಗಿನಿಂದ ಚುಚ್ಚುವಂತಿದ್ದರೆ, ಆ ಸ್ಥಳದಲ್ಲಿ ಮರವನ್ನು ಒಳಗಿನಿಂದ ತೆಳುವಾಗಿಸಬೇಕು. 6 ಮಿಲಿಮೀಟರ್ ದಪ್ಪದ ಗೋಡೆಯಲ್ಲಿ ಪಿನ್ ಪೂರ್ತಿಯಾಗಿ ಒಳಸೇರುವುದಿಲ್ಲ.

ಮೆದುಮರದಲ್ಲಿ ತಿರುಪನ್ನು ಪದೇ ಪದೇ ಬಿಚ್ಚಿ ಹಾಕಿದರೆ ಹಿಡಿತ ಸಡಿಲವಾಗುತ್ತದೆ. ಹಿತ್ತಾಳೆಯ ಚಿಕ್ಕ ಕಂಬಗಳನ್ನು ತಳಕ್ಕೆ ಕೂರಿಸಿ, ಅವುಗಳ ಮೇಲೆ ಬೋರ್ಡನ್ನು ಬಿಗಿದರೆ ದುರಸ್ತಿಗೆ ಅನುಕೂಲ. ಕೋಣೆಯ ಉಷ್ಣಾಂಶ ಅಳೆಯುವ ಸಂವೇದಕವನ್ನು ಭರಣಿಯ ಒಳಗಿಡಕೂಡದು. ಅದು ಕೋಣೆಯ ಬಿಸಿಯ ಬದಲು ಬೋರ್ಡಿನ ಬಿಸಿಯನ್ನು ತೋರಿಸೀತು.

ಎಚ್ಚರಿಕೆಗಳು

ಮರ ಉರಿಯುವ ವಸ್ತು. ಅರಗು ಸುಮಾರು 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಆದ್ದರಿಂದ ಒಳಗೆ ಎಷ್ಟು ಶಾಖ ಹುಟ್ಟುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಬೇಕು. 12 ವೋಲ್ಟನ್ನು 7805 ಎಂಬ ರೆಗ್ಯುಲೇಟರಿನ ಮೂಲಕ 5 ವೋಲ್ಟಿಗೆ ಇಳಿಸಿ 0.3 ಆಂಪಿಯರ್ ವಿದ್ಯುತ್ತನ್ನು ಬಳಸಿದರೆ, ಉಳಿದ 7 ವೋಲ್ಟು 2.1 ವ್ಯಾಟ್ ಶಾಖವಾಗಿ ಭರಣಿಯೊಳಗೇ ಸೇರುತ್ತದೆ. 5 ವೋಲ್ಟಿನ ಅಡಾಪ್ಟರನ್ನೇ ಬಳಸಿದರೆ ಈ ಶಾಖವೇ ಇರುವುದಿಲ್ಲ. ಭಾರತೀಯ ಮಾನಕ ಬ್ಯೂರೋದ ನೋಂದಣಿ ಸಂಖ್ಯೆ ಅಚ್ಚಾಗಿರುವ ಅಡಾಪ್ಟರನ್ನು ಕೊಳ್ಳಬೇಕು.

ಮನೆಯ 230 ವೋಲ್ಟ್ ವಿದ್ಯುತ್ತನ್ನು ಮರದ ಭರಣಿಯೊಳಕ್ಕೆ ಎಂದಿಗೂ ತರಬಾರದು. ತೇವಗೊಂಡ ಮರ ವಿದ್ಯುತ್ತನ್ನು ಹರಿಯಗೊಡಬಲ್ಲದು. ಸಡಿಲ ತಂತಿಯ ಒಂದು ಕಿಡಿ ಮನೆಯನ್ನೇ ಅಪಾಯಕ್ಕೀಡುಮಾಡಬಲ್ಲದು. ಲಿಥಿಯಂ ಬ್ಯಾಟರಿಯನ್ನು ಇಂತಹ ಮುಚ್ಚಿದ ಭರಣಿಯಲ್ಲಿಟ್ಟು ಚಾರ್ಜು ಮಾಡುವುದೂ ಸಲ್ಲದು. 230 ವೋಲ್ಟ್ ಅನಿವಾರ್ಯವಾದ ಉಪಕರಣಕ್ಕೆ ಬೆಂಕಿ ತಡೆಯುವ ಪ್ಲಾಸ್ಟಿಕ್ ಪೆಟ್ಟಿಗೆ, ಅಥವಾ ಮೂರು ಪಿನ್ನಿನ ತಂತಿಯಿಂದ ಭೂಸಂಪರ್ಕ ಕೊಟ್ಟ ಲೋಹದ ಪೆಟ್ಟಿಗೆಯೇ ಯೋಗ್ಯ. ವಾರಾಣಸಿಯ ಠಠೇರಿ ಬಜಾರಿನಲ್ಲಿ ದೊರೆಯುವ ಹಿತ್ತಾಳೆಯ ಡಬ್ಬಿ ಎಷ್ಟೇ ಸುಂದರವಾಗಿದ್ದರೂ ಭೂಸಂಪರ್ಕವಿಲ್ಲದೆ ಅದನ್ನು ಈ ಕೆಲಸಕ್ಕೆ ಉಪಯೋಗಿಸಬಾರದು.

ಅರಗು ಮದ್ಯಸಾರದಲ್ಲಿ ಕರಗುತ್ತದೆ. ಬೋರ್ಡನ್ನು ತೊಳೆಯುವ ಸ್ಪಿರಿಟ್ಟಾಗಲಿ, ಕೈಗೆ ಹಚ್ಚುವ ಸ್ಯಾನಿಟೈಸರಾಗಲಿ ಭರಣಿಗೆ ತಗಲಿದರೆ ಹೊಳಪು ಕೆಡುತ್ತದೆ. ಒಣಬಟ್ಟೆಯಿಂದ ಒರೆಸಿದರೆ ಸಾಕು.

ಇಬ್ಬರಿಗೂ ಲಾಭ

ಒಂದೇ ಒಂದು ಭರಣಿಗಾಗಿ ಹೊಸ ಅಳತೆಯನ್ನು ಹೊಂದಿಸಲು ಕುಶಲಕರ್ಮಿಗೆ ಸಮಯ ಹಿಡಿಯುತ್ತದೆ; ಆ ಸಮಯಕ್ಕೂ ಬೆಲೆಯಿದೆ. ಶಾಲೆಯ ವಿಜ್ಞಾನ ಸಂಘದ ಸದಸ್ಯರೆಲ್ಲರೂ ಒಂದೇ ಅಳತೆಯ ಬೋರ್ಡನ್ನು ಬಳಸಿ, ಇಪ್ಪತ್ತು ಭರಣಿಗಳನ್ನು ಒಟ್ಟಿಗೆ ಮಾಡಿಸಿದರೆ ತಲಾ ವೆಚ್ಚ ತಗ್ಗುತ್ತದೆ, ಕಸುಬುದಾರರಿಗೂ ತಕ್ಕ ಕೂಲಿ ದೊರೆಯುತ್ತದೆ. ಇದಕ್ಕಾಗಿ ಕಾಶಿಯವರೆಗೂ ಹೋಗಬೇಕೆಂದಿಲ್ಲ; ಚನ್ನಪಟ್ಟಣದಲ್ಲಿಯೂ ಇದೇ ಕೆಲಸ ಬಲ್ಲವರಿದ್ದಾರೆ. ಯಂತ್ರದಲ್ಲಿ ಅಚ್ಚಾದ ಪ್ಲಾಸ್ಟಿಕ್ ಆಟಿಕೆಗಳ ಪೈಪೋಟಿಯನ್ನು ಎದುರಿಸುತ್ತಿರುವ ಈ ಕಸುಬಿಗೆ ಹೊಸ ಬಗೆಯ ಬೇಡಿಕೆಯೊಂದು ಆಸರೆಯಾಗಬಲ್ಲದು.

ಹೊರಕವಚವನ್ನು ಕಡೆಯಲ್ಲಿ ನೋಡಿಕೊಂಡರಾಯಿತೆಂದು ಬಿಡದೆ, ಮೊದಲ ದಿನವೇ ಬೋರ್ಡಿನ ಜೊತೆಗೆ ಅದರ ಚಿತ್ರವನ್ನೂ ಬರೆದಿಡುವ ಅಭ್ಯಾಸವನ್ನು ಹವ್ಯಾಸಿಗಳು ಬೆಳೆಸಿಕೊಳ್ಳಬೇಕು. ಹಾಗೆ ಮಾಡಿದಲ್ಲಿ ಅವರು ರಚಿಸಿದ ಉಪಕರಣವು ಮನೆಯ ಕಪಾಟಿನಲ್ಲಿ ಉಳಿದ ವಸ್ತುಗಳ ಸಾಲಿನಲ್ಲಿಯೇ ಸ್ಥಾನ ಪಡೆದು, ಬಹುಕಾಲ ಬಳಕೆಯಲ್ಲಿರುತ್ತದೆ.