ಪದಬಂಧದಿಂದ ಪದ್ಯಬಂಧಕ್ಕೆ

ಬೆಳಗಿನ ಪತ್ರಿಕೆ ಕೈಸೇರಿದೊಡನೆ ಮೊದಲು ಪದಬಂಧದ ಪುಟವನ್ನೇ ತೆರೆಯುವವರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಮನೆಗಳು ತುಂಬಿದ ಬಳಿಕ ಆ ಪತ್ರಿಕೆ ರದ್ದಿಯ ರಾಶಿಗೆ ಸೇರುತ್ತದೆ. ಶ್ರಮಪಟ್ಟು ಹುಡುಕಿದ ಪದಗಳೂ ಅದರೊಡನೆಯೇ ಹೋಗುತ್ತವೆ. ಆ ಉತ್ತರಗಳಲ್ಲಿ ನಾಲ್ಕನ್ನು ಆಯ್ದು, ಒಂದು ವಿನೋದಪದ್ಯವನ್ನು ಕಟ್ಟುವ ಅಭ್ಯಾಸವಾದರೆ ಛಂದಸ್ಸಿನ ಪಾಠವು ಮಕ್ಕಳಿಗೆ ಎಷ್ಟು ಹಗುರವಾದೀತೆಂಬುದು ಕನ್ನಡ ಅಧ್ಯಾಪಕರು ಯೋಚಿಸತಕ್ಕ ವಿಷಯವಾಗಿದೆ.

ಪದಬಂಧವು ಹೊರಗಿನಿಂದ ಬಂದುದು. 1913ನೆಯ ಇಸವಿಯ ಡಿಸೆಂಬರ್ 21ರಂದು ಅಮೆರಿಕೆಯ 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬಾತನು ವಜ್ರದಾಕಾರದ ಒಂದು ಪದಚೌಕವನ್ನು ಪ್ರಕಟಿಸಿದನು; ಇಂದಿನ ಪದಬಂಧಗಳೆಲ್ಲಕ್ಕೂ ಅದೇ ಮೂಲ. 2021ರಲ್ಲಿ ಜಾಶ್ ವಾರ್ಡಲ್ ಎಂಬಾತನು ಲೋಕಕ್ಕೆ ನೀಡಿದ 'ವರ್ಡಲ್' ಎಂಬ ಆಟದಲ್ಲಿ ದಿನಕ್ಕೆ ಒಂದೇ ಪದ, ಊಹಿಸಲು ಆರೇ ಅವಕಾಶ. ಎಲ್ಲರಿಗೂ ಅಂದು ಅದೇ ಉತ್ತರವಾದುದರಿಂದ, ಆ ಪದವನ್ನಿಟ್ಟುಕೊಂಡು ಕಿರುಗವಿತೆ ಹೆಣೆಯುವ ವಿನೋದಕ್ಕೂ ಅಲ್ಲಿ ಎಡೆಯಿದೆ.

ಆದರೆ ಕೊಟ್ಟ ಪದಗಳಿಂದ ಪದ್ಯ ಕಟ್ಟುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ಅವಧಾನಕಲೆಯಲ್ಲಿ ಅದಕ್ಕೆ ದತ್ತಪದಿಯೆಂದು ಹೆಸರು. ಪೃಚ್ಛಕನು ನಾಲ್ಕು ಪದಗಳನ್ನೂ, ಒಂದು ವಸ್ತುವನ್ನೂ, ಒಂದು ಛಂದಸ್ಸನ್ನೂ ಕೊಡುತ್ತಾನೆ. ಅವಧಾನಿಯು ಪಾದಕ್ಕೊಂದರಂತೆ ಆ ಪದಗಳನ್ನು ಅಡಗಿಸಿ, ಸುತ್ತಿಗೊಂದು ಪಾದವನ್ನು ಹೇಳುತ್ತ, ನಡುವೆ ಇತರ ಪೃಚ್ಛಕರಿಗೂ ಉತ್ತರಿಸುತ್ತ, ಕೊನೆಗೆ ಇಡಿಯ ಪದ್ಯವನ್ನು ನೆನಪಿನಿಂದಲೇ ಒಪ್ಪಿಸಬೇಕು. ಶತಾವಧಾನಿ ಡಾ. ರಾ. ಗಣೇಶರ ಸಭೆಗಳಲ್ಲಿ ಕುಳಿತವರಿಗೆ ಈ ಸೊಗಸು ಬಲ್ಲುದೇ. ಕೊಟ್ಟ ಪದಗಳು ಅನೇಕ ವೇಳೆ ಅನ್ಯಭಾಷೆಯವಾಗಿರುವುದುಂಟು. 'ಕಾರ್' ಎಂಬುದನ್ನು ಕಾರ್ಮುಗಿಲಿನಲ್ಲಿಯೂ, 'ಕಪ್' ಎಂಬುದನ್ನು ಕಪ್ಪುರದಲ್ಲಿಯೂ, 'ಟೀ' ಎಂಬುದನ್ನು ಟೀಕೆಯಲ್ಲಿಯೂ ಕರಗಿಸಿದಾಗ ಸಭೆಗೆ ಸಭೆಯೇ ನಗುತ್ತದೆ.

17ನೆಯ ಶತಮಾನದ ಫ್ರಾನ್ಸಿನಲ್ಲಿಯೂ ಇಂಥದೊಂದು ಆಟವಿತ್ತು. ಅಲ್ಲಿ ಕೊಡುತ್ತಿದ್ದುದು ಅಂತ್ಯಪ್ರಾಸದ ಪದಗಳನ್ನು ಮಾತ್ರ. ದ್ಯುಲೋ ಎಂಬ ಕವಿಯು ತನ್ನ ಮುನ್ನೂರು ಸಾನೆಟ್ಟುಗಳು ಕಳುವಾದುವೆಂದು ಗೋಳಾಡಿದನಂತೆ. ವಿಚಾರಿಸಲಾಗಿ, ಅವುಗಳಲ್ಲಿ ಬರೆದಿದ್ದುದು ಪ್ರಾಸಪದಗಳಷ್ಟೇ, ಪದ್ಯಗಳನ್ನು ಇನ್ನೂ ರಚಿಸಬೇಕಾಗಿತ್ತು!

ಇನ್ನು ಪ್ರಯೋಗವನ್ನು ನೋಡಬಹುದು. ಒಂದು ದಿನದ ಪದಬಂಧದಲ್ಲಿ ಕಾಡು, ಬೇಡ, ಕೊಡೆ, ಸಾಲ ಎಂಬ ನಾಲ್ಕು ಉತ್ತರಗಳು ಬಂದವೆಂದು ಇಟ್ಟುಕೊಳ್ಳೋಣ. ವಿದ್ಯಾರ್ಥಿಯ ಮನಸ್ಸಿಗೆ ಮೊದಲು ಹೊಳೆಯುವುದು ಇದು: ಕಾಡಿನಲ್ಲಿ ಒಬ್ಬ ಬೇಡನು ಕೊಡೆ ಹಿಡಿದುಕೊಂಡು ಸಾಲ ಕೇಳಲು ಹೊರಟನು. ಇದರಲ್ಲಿಯೂ ನಗೆಯಿಲ್ಲದಿಲ್ಲ. ಆದರೆ ಪದಗಳು ಸಂತೆಯ ಮೂಟೆಗಳಂತೆ ಒಂದರ ಮೇಲೊಂದು ಬಿದ್ದಿವೆ. ಹೊರುವವನ ಏದುಸಿರು ಕೇಳಿಸುತ್ತದೆ. ಈ ನಾಲ್ಕೂ ಪದಗಳಿಗೆ ಇನ್ನೊಂದು ಮುಖವಿದೆಯೆಂದು ಅಧ್ಯಾಪಕರು ತೋರಿಸಿಕೊಟ್ಟರೆ ಬಾಗಿಲು ತೆರೆಯುತ್ತದೆ. ಕಾಡು ಎಂದರೆ ಅರಣ್ಯ, ಪೀಡಿಸು ಎಂದೂ ಆಗುತ್ತದೆ. ಬೇಡ ವ್ಯಾಧನೂ ಹೌದು, ನಿಷೇಧವೂ ಹೌದು. ಕೊಡೆ ಛತ್ರಿಯಷ್ಟೇ ಅಲ್ಲ, 'ಕೊಡಲಾರೆ' ಎಂಬ ನಿರಾಕರಣೆಯೂ ಆಗಬಲ್ಲುದು. ಸಾಲವು 'ಸಾಲದು' ಎಂಬುದರ ಹೊಟ್ಟೆಯಲ್ಲಿದೆ. ಆಗ ಅರಣ್ಯವೂ ವ್ಯಾಧನೂ ಮಾಯವಾಗಿ, ಮನೆಯ ಅಡುಗೆಕೋಣೆಯೊಂದು ಕಣ್ಣಮುಂದೆ ನಿಲ್ಲುತ್ತದೆ:

ಕಾಡುವನು ಮೊಮ್ಮಗನು ಬೆಲ್ಲವನು ನೀಡೆಂದು;
ಬೇಡವೆಂದರು ಕೇಳನಜ್ಜಿಯೊಳು ಹಟಹಿಡಿದು;
ನೋಡಿನ್ನು ಕೊಡೆನೆಂದು ಗದರಿದರು, ಕೈ ಮಾತ್ರ
ನೀಡಿತ್ತು, ಸಾಲದೆನೆ, ಮತ್ತೊಂದು ಚೂರನ್ನು.

ಇದು ಐದು ಮಾತ್ರೆಯ ಗಣಗಳು ಪಾದಕ್ಕೆ ನಾಲ್ಕರಂತೆ ಬರುವ ಚೌಪದಿ; ಪಾದವೊಂದಕ್ಕೆ ಇಪ್ಪತ್ತು ಮಾತ್ರೆ. ಎರಡನೆಯ ಪಾದವನ್ನು 'ಬೇಡವೆಂ, ದರು ಕೇಳ, ನಜ್ಜಿಯೊಳು, ಹಟಹಿಡಿದು' ಎಂದು ಬಿಡಿಸಿದರೆ ಗಣವು ಪದವನ್ನು ನಡುವೆ ಕತ್ತರಿಸುವ ಪರಿ ಕಾಣುತ್ತದೆ. ಪಾದದ ಎರಡನೆಯ ಅಕ್ಷರದಲ್ಲಿ ಡಕಾರ ಪ್ರಾಸ. ಹಿಂದಿನ ಅಕ್ಷರ ನಾಲ್ಕರಲ್ಲಿಯೂ ಗುರು. 'ಕೊಡೆ' ಎಂಬುದು ಪಾದಾದಿಯಲ್ಲಿ ಬಾರದಿರುವುದಕ್ಕೆ ಇದೇ ಕಾರಣ: ಅಲ್ಲಿ ಮೊದಲ ಅಕ್ಷರ ಲಘು, ಪ್ರಾಸ ಕೆಡುತ್ತಿತ್ತು. ಈ ಒಂದು ಸೂಕ್ಷ್ಮವನ್ನು ಲಕ್ಷಣಗ್ರಂಥದಿಂದ ಬಾಯಿಪಾಠ ಮಾಡಿಸಿದರೆ ಪರೀಕ್ಷೆಯವರೆಗೆ ಉಳಿದೀತು. ತಾನೇ ಕಟ್ಟಹೋಗಿ ಎಡವಿದ ಹುಡುಗನು ಅದನ್ನು ಎಂದಿಗೂ ಮರೆಯಲಾರನು.

ಪದಬಂಧದ ಮನೆಗೂ ಛಂದಸ್ಸಿನ ಮಾತ್ರೆಗೂ ಇರುವ ವ್ಯತ್ಯಾಸವು ಮತ್ತೊಂದು ಪಾಠ. ಇಂಗ್ಲಿಷಿನಲ್ಲಿ ಮನೆಗೊಂದು ಅಕ್ಷರವೆಂದರೆ ಬಿಡಿ ಲಿಪಿಚಿಹ್ನೆ. ಕನ್ನಡದ ಮನೆಯಲ್ಲಿ ಗುಣಿತವೂ ಒತ್ತೂ ಕೂಡಿದ ಇಡಿಯ ಅಕ್ಷರ ಕುಳಿತುಕೊಳ್ಳುತ್ತದೆ. 'ಸ್ವಾತಂತ್ರ್ಯ' ಎಂಬ ಪದಕ್ಕೆ ಮೂರೇ ಮನೆ. ಮಾತ್ರೆ ಮಾತ್ರ ಐದು. 'ಗದರಿದರು' ಎಂಬುದಕ್ಕೆ ಮನೆಯೂ ಐದು, ಮಾತ್ರೆಯೂ ಐದು. ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು ತೋರಿಸಿದರೆ, ಕಣ್ಣಿನ ಲೆಕ್ಕ ಬೇರೆ, ಕಿವಿಯ ಲೆಕ್ಕ ಬೇರೆ ಎಂಬುದು ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ.

ಹೊಸಗನ್ನಡವು ಈ ಆಟಕ್ಕೆ ಹಳಗನ್ನಡಕ್ಕಿಂತ ಒಂದು ವಿಧದಲ್ಲಿ ಅನುಕೂಲವೂ ಹೌದು. ಶಕಟರೇಫವೂ ೞಕಾರವೂ ಬಳಕೆಯಲ್ಲಿದ್ದಾಗ ಶತ್ರುವಾದ 'ಅರಿ' ಬೇರೆ, ತಿಳಿಯೆಂಬ 'ಅಱಿ' ಬೇರೆ. ಇಂದು ಎರಡೂ ಒಂದೇ ವೇಷ ತೊಟ್ಟಿವೆ. ವ್ಯಾಕರಣಕ್ಕೆ ಆದ ನಷ್ಟ ವಿನೋದಕ್ಕೆ ಲಾಭವಾಯಿತು!

ಇಂಥ ರಚನೆಗಳನ್ನು ಕಾವ್ಯವೆನ್ನಬಹುದೇ ಎಂಬ ಆಕ್ಷೇಪ ಸಹಜ. ಶಬ್ದಚಮತ್ಕಾರವನ್ನೇ ನಂಬಿದ ಚಿತ್ರಕಾವ್ಯವು ಕಾವ್ಯದ ಅನುಕರಣ ಮಾತ್ರವೆಂದು ಆನಂದವರ್ಧನನು ಹೇಳಿದ್ದಾನೆ. ಮಮ್ಮಟನು ಅದನ್ನು ಕೆಳಗಿನ ದರ್ಜೆಯಲ್ಲಿರಿಸಿದ್ದಾನೆ. ಆ ತೀರ್ಪು ಸರಿಯಾದುದೇ. ಆದರೂ ಮೇಲಿನ ಚೌಪದಿಯಲ್ಲಿ ಓದುಗನ ಮನಸ್ಸು ನಿಲ್ಲುವುದು ನಾಲ್ಕು ದತ್ತಪದಗಳ ಮೇಲಲ್ಲ, ಬಾಯಿ ಗದರುತ್ತಿರುವಾಗಲೇ ಕೊಡುತ್ತಿರುವ ಅಜ್ಜಿಯ ಕೈಯ ಮೇಲೆ. ಆ ಕೈ ಯಾರೂ ಕೊಟ್ಟ ಪದವಲ್ಲ. ಪದಗಳ ಇಕ್ಕಟ್ಟಿನಿಂದ ತಾನಾಗಿ ಹೊರಬಂದುದು. ಹಾಗೆ ಏನೂ ಹೊರಬಾರದ ದಿನ ಪದ್ಯವನ್ನು ಅಳಿಸಿಬಿಡುವುದೇ ಲೇಸು. ದಿನವೂ ಹೊಸ ಪದಗಳು ಬರುತ್ತಲೇ ಇರುವುದರಿಂದ ನಷ್ಟವೇನೂ ಇಲ್ಲ.

ಅಭ್ಯಾಸಕ್ಕೆ ಇನ್ನೊಂದು ದತ್ತಪದಿ: ಹತ್ತು, ಸೇರು, ಕರಿ, ತೊಡೆ. ವಸ್ತು, ಶಾಲೆಯ ಮೊದಲ ದಿನ. ಛಂದಸ್ಸು ಅದೇ ಚೌಪದಿ. ಹತ್ತು ಸಂಖ್ಯೆಯಾಗಬಾರದು, ಸೇರು ಅಳತೆಯಾಗಬಾರದು, ಕರಿ ಆನೆಯಾಗಬಾರದು, ತೊಡೆ ಅವಯವವಾಗಬಾರದು.