ಲಿನಕ್ಸಿಗೆ ಇಮೇಲಿನಲ್ಲಿ ತಿದ್ದುಪಡಿಯನ್ನು ಕಳುಹಿಸುವ ಕ್ರಮ



ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಕಡೆಗಳಿಂದ ಇಂಜಿನಿಯರಿಂಗ್ ಕಾಲೇಜುಗಳನ್ನು ಸೇರಿದ ಹುಡುಗಿಯರು ಈಗ ಅನೇಕರಿರುತ್ತಾರೆ. ಬೆಂಗಳೂರಿನಲ್ಲಿ ಗುರುತು ಪರಿಚಯವಿಲ್ಲದವಳು ತನ್ನ ಕೆಲಸವನ್ನು ಬಲ್ಲವರ ಮುಂದೆ ಇಡುವದು ಹೇಗೆಂದು ಅವರೂ ಅವರ ತಾಯಿತಂದೆಗಳೂ ಕೇಳುವದುಂಟು. ಇದಕ್ಕೆ ಒಂದು ದಾರಿ ತೆರೆದೇ ಇದೆ. ಲಿನಕ್ಸ್ ಎಂಬದಕ್ಕೆ ಇಮೇಲಿನ ಮೂಲಕ ತಿದ್ದುಪಡಿ ಕಳುಹಿಸುವದೇ ಅದು. ಅಲ್ಲಿ ಅಂಕಪಟ್ಟಿಯನ್ನು ಕೇಳುವವರಿಲ್ಲ. ಪತ್ರದೊಳಗಿನ ಕೆಲಸವನ್ನೇ ಪರೀಕ್ಷಿಸುತ್ತಾರೆ. ಆದಕಾರಣ ಆ ಪತ್ರವನ್ನು ಸಿದ್ಧಮಾಡುವ ಕ್ರಮವನ್ನು ಇಲ್ಲಿ ಬರೆಯುತ್ತೇನೆ.

ಲಿನಕ್ಸ್ ಎಂಬದು ಗಣಕಯಂತ್ರದ ಎಲ್ಲಾ ಅಂಗಗಳನ್ನು ನಡಿಸುವ ಮೂಲ ತಂತ್ರಾಂಶ. ಇದನ್ನು ಫಿನ್ಲೆಂಡ್ ದೇಶದ ಲಿನುಸ್ ಟೊರ್ವಾಲ್ಡ್ಸ್ ಎಂಬವರು ವಿದ್ಯಾರ್ಥಿಯಾಗಿದ್ದಾಗ, 1991ರಲ್ಲಿ, ಆರಂಭಿಸಿದರು. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೂ ಇದೇ ಇರುವದು. ಅದರ ಸೋರ್ಸ್ ಕೋಡ್ ಎಂಬ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಪ್ಪು ಕಂಡರೆ ತಿದ್ದಿ ಕಳುಹಿಸಬಹುದು. ಕಳುಹಿಸತಕ್ಕದ್ದು ಇಡೀ ಬರಹವನ್ನಲ್ಲ. ತೆಗೆದ ಸಾಲಿನ ಮೊದಲಲ್ಲಿ ಕಳೆಯುವ ಗುರುತು, ಸೇರಿಸಿದ ಸಾಲಿನ ಮೊದಲಲ್ಲಿ ಕೂಡಿಸುವ ಗುರುತು, ಅವುಗಳ ಮೇಲೂ ಕೆಳಗೂ ಬದಲಾಗದ ಮೂರು ಮೂರು ಸಾಲು, ಇಷ್ಟೇ. ಇದಕ್ಕೆ ಪ್ಯಾಚ್, ಅಂದರೆ ತೇಪೆ, ಎಂದು ಹೆಸರು. ಹೊಲಿಗೆಯ ತರಗತಿಯಲ್ಲಿ ಕೂತವರಿಗೆ ಇದರ ಅರ್ಥ ಕೂಡಲೇ ತಿಳಿಯುವದು. ಸುತ್ತಲಿನ ಬಟ್ಟೆಯ ನೂಲನ್ನು ನೋಡಿಯೇ ತೇಪೆಯನ್ನು ಕೂರಿಸಬೇಕಷ್ಟೆ. ಹೀಗೆ ಕೂರಿಸುವ ಉಪಕರಣವನ್ನು ಲ್ಯಾರಿ ವಾಲ್ ಎಂಬವರು 1985ರಲ್ಲಿ ಪ್ರಕಟಿಸಿದರು. ಈಗ ಬಳಕೆಯಲ್ಲಿರುವ ಗಿಟ್ ಎಂಬದನ್ನು ಟೊರ್ವಾಲ್ಡ್ಸರೇ 2005ರಲ್ಲಿ ರಚಿಸಿದರು. ಗಿಟ್‌ನ ಕೆಲಸವು ಇಂಟರ್ನೆಟ್ ಇಲ್ಲದೆಯೂ ನಡೆಯುವದರಿಂದ, ಬೈಂದೂರಿನ ಮಳೆಗಾಲದಲ್ಲಿ ಸಂಪರ್ಕ ತಪ್ಪಿದರೂ ಪತ್ರವನ್ನು ಮನೆಯಲ್ಲಿ ಸಿದ್ಧಮಾಡಿಟ್ಟು, ಬಂದಾಗ ಕಳುಹಿಸಬಹುದು.

ಒಂದು ಪ್ಯಾಚಿನಲ್ಲಿ ಒಂದೇ ಬದಲಾವಣೆ ಇರಬೇಕು. ಕಾಗುಣಿತ ತಿದ್ದುವದನ್ನೂ ಲೆಕ್ಕದ ತಪ್ಪು ತಿದ್ದುವದನ್ನೂ ಬೆರಸಿದರೆ ಪರೀಕ್ಷಿಸುವವರಿಗೆ ಯಾವದನ್ನು ಒಪ್ಪಬೇಕೆಂದು ತಿಳಿಯದು. ಕೆಲಸ ದೊಡ್ಡದಾದರೆ ಸಂಖ್ಯೆ ಹಾಕಿದ ಸಾಲುಪ್ಯಾಚುಗಳಾಗಿ ಒಡೆಯತಕ್ಕದ್ದು. ಆದರೆ ಪ್ರತಿಯೊಂದನ್ನು ಸೇರಿಸಿದ ಮೇಲೂ ತಂತ್ರಾಂಶವು ನಡೆಯುವ ಸ್ಥಿತಿಯಲ್ಲೇ ಇರಬೇಕು.

ಮುಂದೆ ವಿವರಣೆಯ ಮಾತು. ನನ್ನ ಅಭಿಪ್ರಾಯದಲ್ಲಿ ಹುಡುಗಿಯರು ಹೆಚ್ಚಾಗಿ ಅಲಕ್ಷ್ಯಮಾಡುವದು ಇದನ್ನೇ. ಕೋಡ್ ಸರಿಯಾಗಿದ್ದರೆ ಸಾಲದೋ ಎನ್ನುತ್ತಾರೆ. ಸಾಲದು. ಮೊದಲು ಯಾವ ತೊಂದರೆ ಇತ್ತು, ಅದು ಯಾರಿಗೆ ಹೇಗೆ ತಗಲಿತು, ತಿದ್ದಿದ ರೀತಿ ಯಾಕೆ ಸರಿ ಎಂಬದನ್ನು ಸರಳವಾದ ಇಂಗ್ಲಿಷಿನಲ್ಲಿ, 75 ಅಕ್ಷರಗಳನ್ನು ಮೀರದ ಸಾಲುಗಳಲ್ಲಿ ಬರೆಯಬೇಕು. ಹತ್ತು ವರ್ಷಗಳ ತರುವಾಯ ಅದೇ ಸ್ಥಳವನ್ನು ತಿದ್ದಲು ಬಂದವನು ಓದುವದು ಈ ವಿವರಣೆಯನ್ನೇ. ಕ್ರಿಯಾಪದವು ವಿಧ್ಯರ್ಥದಲ್ಲಿರಬೇಕೆಂಬ ನಿಯಮವೂ ಉಂಟು: "ನಾನು ತಿದ್ದಿದೆನು" ಎಂದಲ್ಲ, "ತಿದ್ದು" ಎಂದು ಕೋಡಿಗೆ ಆಜ್ಞೆ ಕೊಟ್ಟಂತೆ. ವ್ಯಾಕರಣದ ಪಾಠದಿಂದ ಏನು ಪ್ರಯೋಜನವೆಂದು ಕೇಳಿದವರು ಇದನ್ನು ಗಮನಿಸಲಿ!

ವಿವರಣೆಯ ಕೊನೆಗೆ ಕಳುಹಿಸುವವಳ ಹೆಸರೂ ವಿಳಾಸವೂ ಇರುವ "ಸೈನ್ಡ್-ಆಫ್-ಬೈ" ಎಂಬ ಸಾಲು ಅವಶ್ಯ. ಎಸ್.ಸಿ.ಓ. ಎಂಬ ಕಂಪೆನಿಯು ಲಿನಕ್ಸಿನ ಬರಹದಲ್ಲಿ ತನ್ನ ಸ್ವತ್ತು ಸೇರಿದೆಯೆಂದು 2003ರಲ್ಲಿ ವ್ಯಾಜ್ಯ ಹೂಡಿದ ಬಳಿಕ, 2004ರಲ್ಲಿ ಈ ಪದ್ಧತಿ ಬಂದಿತು. ಈ ಕೆಲಸವನ್ನು ಕೊಡಲು ನನಗೆ ಹಕ್ಕುಂಟು ಎಂಬ ಪ್ರಮಾಣವೇ ಆ ಸಾಲು. ಹೆಸರು ಮರೆಸಿ ಕಳುಹಿಸಿದ್ದನ್ನು ತಕ್ಕೊಳ್ಳುವದಿಲ್ಲ.

ಹಿಂದೆ ಒಂದು ಫಾಂಟಿನಲ್ಲಿ ಟೈಪು ಮಾಡಿದ ಕನ್ನಡ ಪತ್ರವು ಮತ್ತೊಂದು ಗಣಕಯಂತ್ರದಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತಿದ್ದದ್ದನ್ನು ನೀವು ಬಲ್ಲಿರಿ. ಪ್ಯಾಚಿಗೂ ಅಂಥ ಅಪಾಯವುಂಟು. ಕೆಲವು ಇಮೇಲ್ ತಂತ್ರಾಂಶಗಳು ಟ್ಯಾಬನ್ನು ಬರಿಯ ತೆರವುಗಳನ್ನಾಗಿ ಮಾಡುತ್ತವೆ, ಉದ್ದ ಸಾಲನ್ನು ಮುರಿಯುತ್ತವೆ. ಕಣ್ಣಿಗೆ ಭೇದ ಕಾಣದಿದ್ದರೂ ತೇಪೆ ಕೂರುವದಿಲ್ಲ. ಅದಕ್ಕೋಸ್ಕರ ಅಲಂಕಾರವಿಲ್ಲದ ಸಾದಾ ಅಕ್ಷರಗಳಲ್ಲಿ, ಲಗತ್ತಾಗಿ ಅಲ್ಲ, ಪತ್ರದ ಒಡಲಲ್ಲಿಯೇ ಇಡಬೇಕು. ಗಿಟ್‌ನ ಫಾರ್ಮ್ಯಾಟ್-ಪ್ಯಾಚ್ ಎಂಬ ಆಜ್ಞೆಯು ಪತ್ರವನ್ನು ಕಟ್ಟಿ ಕೊಡುವದು, ಸೆಂಡ್-ಇಮೇಲ್ ಎಂಬದು ಕಳುಹಿಸುವದು. ಮೊದಲು ತನಗೇ ಕಳುಹಿಸಿಕೊಂಡು, ಬಂದದ್ದನ್ನು ಕೂರಿಸಿ ನೋಡುವದು ಬುದ್ಧಿವಂತಿಕೆ. ಬರಹದ ರೀತಿಯನ್ನು ಪರೀಕ್ಷಿಸಲು ಚೆಕ್‌ಪ್ಯಾಚ್, ಯಾರಿಗೆ ಕಳುಹಿಸಬೇಕೆಂದು ತಿಳಿಯಲು ಗೆಟ್‌-ಮೇಂಟೇನರ್ ಎಂಬ ಉಪಕರಣಗಳು ಲಿನಕ್ಸಿನೊಡನೆಯೇ ದೊರೆಯುತ್ತವೆ.

ಕಳುಹಿಸಿದ ಬಳಿಕ ಉತ್ತರವು ಎಲ್ಲರೂ ಓದುವಂತೆ ಬರುವದು. ಹೆತ್ತವರು ಅಂಜುವದು ಇಲ್ಲಿ. ಒಂದು ಕಾಲದಲ್ಲಿ ಅಲ್ಲಿಯ ಮಾತು ಬಲು ಕಟುವಾಗಿತ್ತು. 2018ರಲ್ಲಿ ಟೊರ್ವಾಲ್ಡ್ಸರು ತಮ್ಮ ಒರಟುತನಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು, ನಡತೆಯ ನಿಯಮಾವಳಿಯೂ ಆಗಲೇ ಬಂತು. ಆದರೂ ತಪ್ಪನ್ನು ತಪ್ಪೆಂದೇ ಹೇಳುವರು, ಹೇಳಲೂ ಬೇಕು. ಆಕ್ಷೇಪಿಸಿದ ಸಾಲಿನ ಕೆಳಗೇ ಸಮಾಧಾನವನ್ನು ಬರೆಯತಕ್ಕದ್ದು. ಉತ್ತರವೇ ಬಾರದಿದ್ದರೆ ಒಂದು ವಾರವಾದರೂ ಕಾಯದೆ ಮತ್ತೆ ಕೇಳಬಾರದು. ತಿದ್ದಿ ಪುನಃ ಕಳುಹಿಸುವಾಗ ಶೀರ್ಷಿಕೆಯಲ್ಲಿ ಎರಡನೆಯ ಆವೃತ್ತಿಯೆಂದು ಗುರುತಿಸಿ, ಏನು ಬದಲಾಯಿತೆಂಬದನ್ನು ಮೂರು ಅಡ್ಡಗೆರೆಗಳ ಕೆಳಗೆ ಬರೆಯಬೇಕು. ಆ ಗೆರೆಯ ಕೆಳಗಿನ ಮಾತು ಶಾಶ್ವತ ದಾಖಲೆಗೆ ಸೇರುವದಿಲ್ಲ.

ಹೊಸಬರಿಗೆ ಮನೆಯಿಂದಲೇ ಈ ಕೆಲಸವನ್ನು ಕಲಿಸಿ ವೇತನವನ್ನೂ ಕೊಡುವ ಔಟ್‌ರೀಚಿ ಎಂಬ ಯೋಜನೆಯುಂಟು. ಹೆಣ್ಣುಮಕ್ಕಳನ್ನು ಈ ಕ್ಷೇತ್ರಕ್ಕೆ ತರುವದಕ್ಕಾಗಿ ಗ್ನೋಮ್ ಸಂಸ್ಥೆಯವರು ಆರಂಭಿಸಿದ ಅದರಲ್ಲಿ ಲಿನಕ್ಸಿನವರು 2013ರಿಂದ ಭಾಗವಹಿಸಿದರು. ಲಿನಕ್ಸಿನ ಭಾಗಕ್ಕೆ ಅರ್ಜಿ ಹಾಕಿದವರು ಮೊದಲು ಇಂಥ ಸಣ್ಣ ಪ್ಯಾಚುಗಳನ್ನು ಕಳುಹಿಸಿ ತೋರಿಸಬೇಕಾಗಿತ್ತು. ಒಪ್ಪಿದ ಪ್ಯಾಚು ಆ ವಿಭಾಗದ ಮೇಲ್ವಿಚಾರಕರ ಕೈಗೆ ಸೇರಿ, ಅವರ ಸಹಿಯ ಸಾಲನ್ನೂ ಪಡೆದು, ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊರಡುವ ಹೊಸ ಆವೃತ್ತಿಗಳಲ್ಲೊಂದರಲ್ಲಿ, ಬರೆದವಳ ಹೆಸರಿನೊಡನೆ ಪ್ರಕಟವಾಗುವದು.